ಎದುರು ಮನೆಯ ಉಣ್ಣೆ ಹಾಸಿಗೆ

ಯಾಕುಮಿಸ್‌ನ ಹೊಟ್ಟೆ ಉರಿಯಲು ಕಾರಣವಾದದ್ದು ಒಂದೇ ಒಂದು ಸಾಲು. ಬೆನ್ನಿಗೆ ಚೀಲ ಏರಿಸಿಕೊಂಡು ದ್ವೀಪದಿಂದ ದ್ವೀಪಕ್ಕೆ ಅಲೆಯುವವರು ಬೈಬಲ್ಲಿನಂತೆ ಎದೆಗವಚಿಕೊಂಡು ಬರುವ ಪುಸ್ತಕವೊಂದಿತ್ತು. ಕಡಿಮೆ ಖರ್ಚಿನಲ್ಲಿ ಒಳ್ಳೆಯ ಕೋಣೆ ಎಲ್ಲಿ ಸಿಗುತ್ತದೆ ಎಂದು ಅದು ಹೇಳುತ್ತಿತ್ತು. ನಮ್ಮ ಅನಾಫಿ ದ್ವೀಪದ ಪಾಲಿಗೆ ಅದರಲ್ಲಿ ಬಂದದ್ದು ಅರ್ಧ ಪುಟ. ಆ ಅರ್ಧ ಪುಟದ ತುಂಬ ವಿಧವೆ ಅನೆಝಿನಾಳ ಮನೆಯನ್ನು ಹೊಗಳಿದ್ದೇ ಹೊಗಳಿದ್ದು. ಅವಳ ಸುಣ್ಣದ ಗೋಡೆ, ಅವಳ ಅಂಜೂರದ ಮುರಬ್ಬ, ಎಲ್ಲಕ್ಕಿಂತ ಹೆಚ್ಚಾಗಿ ಮೂಲೆಯ ಕೋಣೆಯಲ್ಲಿರುವ, ಅವಳೇ ಕೈಯಾರೆ ತುಂಬಿದ ಉಣ್ಣೆಯ ಹಾಸಿಗೆ. ಕೊನೆಯಲ್ಲಿ, ಉಳಿದ ಜಾಗ ಯಾಕೆ ಹಾಳು ಮಾಡಬೇಕು ಎಂಬಂತೆ, ಹೀಗೆ ಬರೆದಿತ್ತು: ‘ಎದುರು ಮನೆಯಲ್ಲೂ ಮಲಗಬಹುದು.’

ಎದುರು ಮನೆ ಯಾಕುಮಿಸ್‌ನದು.

ಮಲಗಬಹುದಂತೆ! ಕತ್ತೆಯ ಕೊಟ್ಟಿಗೆಯಲ್ಲೂ ಮಲಗಬಹುದು. ಹಡಗಿನ ಅಡುಗೆಮನೆಯ ಹಬೆಯಲ್ಲಿ ಬೆಂದು, ಹೆಂಡತಿಯ ಮುಖ ವರ್ಷಕ್ಕೊಮ್ಮೆ ನೋಡಿಕೊಂಡು, ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿಸಿದ ಮನೆಗೆ ಇಷ್ಟೇ ಮರ್ಯಾದೆ. ಕಾಫಿ ಅಂಗಡಿಗೆ ಕಾಲಿಟ್ಟರೆ ಸಾಕು, ಮೂಲೆಯಿಂದ ಯಾರಾದರೂ ಕೂಗುತ್ತಿದ್ದರು: “ಯಾಕುಮಿಸ್, ನಿದ್ದೆ ಬರ್ತಿದೆ ಮಾರಾಯ. ನಿಮ್ಮನೇಲೂ ಮಲಗಬಹುದಂತಲ್ಲ?” ಎರಡು ಬೇಸಿಗೆಗಳಿಂದ ಅವನ ಕೋಣೆಗಳಿಗೆ ಬಂದವರು ದಾರಿ ತಪ್ಪಿದವರು ಮಾತ್ರ. ಇನ್ನೊಂದು ಬೇಸಿಗೆ ಹೀಗೇ ಕಳೆದರೆ ಮತ್ತೆ ಹಡಗು ಹತ್ತಬೇಕು. ಅದನ್ನು ನೆನೆದರೇ ಅವನಿಗೆ ಅಳು ಬರುತ್ತಿತ್ತು.

ಆ ಸಾಲು ಬರೆದವಳು ಇಂಗೆರ್ ಎಂಬ ಡೆನ್ಮಾರ್ಕಿನ ಹೆಂಗಸು. ತಾನು ಯಾರೆಂದು ಯಾರಿಗೂ ಹೇಳದೆ ಸಾಮಾನ್ಯ ಗಿರಾಕಿಯಂತೆ ಬಂದು ಹೋಗುತ್ತಿದ್ದಳು, ಇಡೀ ದ್ವೀಪಕ್ಕೆ ಅವಳು ಯಾರೆಂದು ಗೊತ್ತಿತ್ತು. ಪ್ರತಿ ಸಲ ಜೂನಿನಲ್ಲಿ ಬರುತ್ತಿದ್ದವಳು ಈ ವರ್ಷ ಸೆಪ್ಟೆಂಬರಿನಲ್ಲಿ ಬರುತ್ತಾಳೆ, ಹೊಸ ಪುಸ್ತಕಕ್ಕಾಗಿ ಬರುತ್ತಾಳೆ ಎಂಬ ಸುದ್ದಿಯೂ ಅವಳಿಗಿಂತ ಮೊದಲೇ ಬಂದಿಳಿಯಿತು. ಇಳಿದುಕೊಳ್ಳುವುದು ಎಲ್ಲಿ ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಯಾಕುಮಿಸ್ ಒಂದು ವಾರ ಯೋಚಿಸಿದ. ವಿಧವೆಯ ನೀರಿನ ಪೈಪು ಒಡೆಯಬಹುದಿತ್ತು, ಆದರೆ ಊರಿನ ಪೈಪು ರಿಪೇರಿಯವನು ಅವಳ ತಮ್ಮ. ‘ಕೋಣೆ ಇದೆ’ ಎಂದು ಬಂದರಿನಲ್ಲಿ ಹಿಡಿದು ನಿಲ್ಲುವ ಅವಳ ಬೋರ್ಡನ್ನು ಕದಿಯಬಹುದಿತ್ತು, ಅವಳ ಗಂಟಲಿಗೆ ಬೋರ್ಡು ಬೇಕಾಗಿಯೇ ಇರಲಿಲ್ಲ. ಅಷ್ಟರಲ್ಲಿ ಪಿರೇಯಸ್ ಬಂದರಿನ ಹಿಂದಿದ್ದ ಹಳೆಯ ನಾವಿಕರ ವಸತಿಗೃಹ ನೆನಪಾಗಿ, ಅವನು ಮೀಸೆಯಡಿಯಲ್ಲೇ ನಕ್ಕ. ಹಲ್ಲು ಕೀಳಿಸಬೇಕು ಎಂದು ಹೆಂಡತಿ ಕಲ್ಯೋಪಿಗೆ ಹೇಳಿ ಹಡಗು ಹತ್ತಿದ. ಅಲ್ಲಿ ಒಂದು ರಾತ್ರಿ ಮಲಗಿದ. ಬೆಳಿಗ್ಗೆ ಕಾಫಿ ಪುಡಿಯ ಸೀಸೆಯೊಂದರಲ್ಲಿ, ಬಾಯಿಗೆ ತೆಳುಬಟ್ಟೆ ಕಟ್ಟಿ, ದಷ್ಟಪುಷ್ಟವಾದ ತಿಗಣೆಗಳನ್ನು ಹೊತ್ತು ಹೊರಟ.

ಮರಳುವ ದಾರಿಯಲ್ಲಿ ಅವು ಬಡವಾಗಬಾರದೆಂದು ಸೀಸೆಯ ಬಾಯನ್ನು ತನ್ನ ಮೀನಖಂಡಕ್ಕೆ ಒತ್ತಿ ಹಿಡಿದು ಒಂದೂಟ ಹಾಕಿಸಿದ. ತನ್ನದೇ ರಕ್ತ ಕುಡಿದು ಅವು ಕೆಂಪಗಾದಾಗ ಅವನಿಗೆ ಒಂಥರಾ ಮಮತೆಯೇ ಹುಟ್ಟಿತು. ಇವು ಮಾತಾಡುವುದಿಲ್ಲ, ಸಾಕ್ಷಿ ಹೇಳುವುದಿಲ್ಲ. ಇಂಥ ನಂಬಿಗಸ್ತ ಕೆಲಸಗಾರರು ಹಡಗಿನಲ್ಲೂ ಅವನಿಗೆ ಸಿಕ್ಕಿರಲಿಲ್ಲ.

ಇಂಗೆರ್ ಬರುವ ದಿನ ಮಧ್ಯಾಹ್ನದ ಊಟವಾಯಿತು. ಆ ಹೊತ್ತಿನಲ್ಲಿ ಅನಾಫಿ ಕಿಟಕಿ ಮುಚ್ಚಿ ಮಲಗುತ್ತದೆ, ಆಗ ಯಾರ ಬಾಗಿಲನ್ನೂ ಯಾರೂ ತಟ್ಟುವುದಿಲ್ಲ. ಯಾಕುಮಿಸ್ ಬರಿಗಾಲಲ್ಲಿ ಓಣಿ ದಾಟಿದ. ಅನೆಝಿನಾ ಕೆಳಗೆ ಗೊರಕೆ ಹೊಡೆಯುತ್ತಿದ್ದಳು. ಮಹಡಿಯ ಮೂಲೆ ಕೋಣೆಯಲ್ಲಿ ಹಾಸಿಗೆಗೆ ಆಗಲೇ ಹೊಸ ಹೊದಿಕೆ ಬಿದ್ದಿತ್ತು. ಹೊಲಿಗೆಯೊಂದನ್ನು ಉಗುರಿನಿಂದ ಬಿಡಿಸಿ, ಸೀಸೆ ಬಗ್ಗಿಸಿ, ಹೊದಿಕೆಯ ಮಡಿಕೆ ಮೊದಲಿದ್ದಂತೆಯೇ ಸರಿಪಡಿಸಿದ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಮುಗಿಯಿತು ಕೆಲಸ.

ಇನ್ನು ಊರಲ್ಲಿ ಇರಬಾರದು. ಸೆಪ್ಟೆಂಬರಿನ ದೇವಮಾತೆಯ ಹಬ್ಬಕ್ಕೆ ಮೊದಲು ಅವಳ ಮಠದ ಕೋಣೆಗಳಿಗೆ ಸುಣ್ಣ ಬಳಿಯುವವರು ಬೇಕೆಂದು ಪಾದ್ರಿ ಕರೆಯುತ್ತಲೇ ಇದ್ದರು. ಬ್ರಷ್ಷು ಹೆಗಲಿಗೇರಿಸಿ ಹೊರಟವನಿಗೆ ಓಣಿಯ ತಿರುವಿನಲ್ಲಿ, ನಿದ್ದೆ ಮುಗಿಸಿ ಎದ್ದ ಅನೆಝಿನಾಳೇ ಎದುರಾದಳು.

“ಏನಪ್ಪಾ, ಹಡಗು ಬರೋ ಹೊತ್ತಲ್ಲಿ ಮಠದ ಕಡೆ ಹೊರಟೆ? ಬೋರ್ಡು ಹಿಡಿದು ಹಿಡಿದು ಕೈ ಸೋತು ಹೋಯ್ತಾ?”

“ದೇವಮಾತೆ ಕೆಲಸ, ಅನೆಝಿನಾ. ಗಿರಾಕಿಗಳೆಲ್ಲ ನಿನಗೇ ಇರಲಿ.”

“ಅಯ್ಯೋ ದೇವರೇ, ಇವನಿಗೆ ಬಿಸಿಲು ತಲೆಗೇರಿದೆ!” ಎಂದು ಅವಳು ಶಿಲುಬೆಯ ಗುರುತು ಮಾಡಿಕೊಂಡಳು.

ಬಂದರಿನಲ್ಲಿ ಗಿರಾಕಿಗಾಗಿ ಅವಳೂ ಕಲ್ಯೋಪಿಯೂ ಹೇಗೆ ಕಚ್ಚಾಡುತ್ತಾರೆಂದು ಅವನು ಕಣ್ಣಾರೆ ಕಂಡಿದ್ದ. ಜುಟ್ಟು ಹಿಡಿಯುವುದೊಂದು ಬಾಕಿ. ನಾಳೆ ಹೆಂಡತಿಗೆ ಎಷ್ಟು ಖುಷಿಯಾದೀತೆಂದು ಯೋಚಿಸುತ್ತಲೇ ಅವನು ಮಠ ಸೇರಿದ, ಗೋಡೆಗೆ ಎರಡೆರಡು ಸಲ ಸುಣ್ಣ ಬಳಿದ, ಪಾದ್ರಿಯ ಆಶೀರ್ವಾದ ಪಡೆದ, ಮಗುವಿನಂತೆ ನಿದ್ದೆ ಮಾಡಿದ.

ಬೆಳಿಗ್ಗೆ ಊರಿನತ್ತ ನಡೆಯುತ್ತ ಮಾತುಗಳನ್ನು ಜೋಡಿಸಿಕೊಂಡ. ಮೊದಲು ಅಚ್ಚರಿ, ಆಮೇಲೆ ಕನಿಕರ, ಆಮೇಲೆ ಒಂದು ಕಪ್ಪು ಕಾಫಿ. ಕೋಣೆಯ ಮಾತನ್ನು ತಾನಾಗಿ ಎತ್ತಲೇಬಾರದು, ಇಂಗೆರೇ ಕೇಳಬೇಕು.

ಆದರೆ ಓಣಿ ತಿರುಗಿದಾಗ ಕಂಡದ್ದು ಅವನ ಲೆಕ್ಕಾಚಾರವನ್ನೂ ಮೀರಿಸಿತ್ತು. ಇಂಗೆರ್ ಅವನದೇ ಅಂಗಳದಲ್ಲಿ, ಅವನದೇ ದ್ರಾಕ್ಷಿ ಚಪ್ಪರದಡಿ ಕೂತು, ತೋಳೇರಿಸಿಕೊಂಡು ಪರಪರ ಕೆರೆದುಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕಲ್ಯೋಪಿ ಕಾಫಿ ಬಗ್ಗಿಸುತ್ತಿದ್ದಳು. ಆಗಲೇ ಓಡಿ ಬಂದಿದ್ದಾಳೆ! ಒಂದೇ ರಾತ್ರಿಗೆ! ಜೋಡಿಸಿಕೊಂಡ ಮಾತುಗಳೆಲ್ಲ ಖುಷಿಯಲ್ಲಿ ಮರೆತುಹೋದವು.

“ಬಂದ್ರಾ ತಾಯಿ! ಒಳ್ಳೇ ಕೆಲಸ ಮಾಡಿದ್ರಿ. ಆ ಎದುರು ಮನೆ ತಿಗಣೆ ಕಾಟದಲ್ಲಿ ಮನುಷ್ಯರು ಮಲಗೋಕಾಗುತ್ತಾ? ನಮ್ಮಲ್ಲಿ ನೋಡಿ, ಎಷ್ಟು ಶುಚಿ!”

ಇಂಗೆರ್ ಕೆರೆಯುವುದನ್ನು ನಿಲ್ಲಿಸಿದಳು. “ತಿಗಣೇನಾ? ನಿಮ್ಮ ಹೆಂಡ್ತಿ ಸೊಳ್ಳೆ ಅಂದ್ರಲ್ಲ. ಎದುರು ಮನೇಲಿ ನಾನು ಮಲಗೇ ಇಲ್ಲ. ನಿನ್ನೆ ಹಡಗಿಂದ ಇಳಿದವಳು ನೇರ ಇಲ್ಲಿಗೇ ಬಂದೆ.”

“ಅದೇ ಹಡಗಲ್ಲಿ ಅನೆಝಿನಾನ ಅಕ್ಕತಂಗೀರು, ಮಕ್ಕಳುಮರಿ, ಎಲ್ಲ ಹಬ್ಬಕ್ಕೆ ಬಂದಿಳಿದ್ರು,” ಎಂದಳು ಕಲ್ಯೋಪಿ. “ಹಬ್ಬಕ್ಕೆ ಸ್ವಂತದವರು ಬಂದ್ರೆ ಗಿರಾಕೀನ ಎದುರು ಮನೆಗೆ ಕಳಿಸ್ತೀವಿ, ಗಿರಾಕಿಗೆ ಅಂತ ಹಾಸಿಟ್ಟ ಹಾಸಿಗೇನೂ ಜೊತೇಲೇ ಕಳಿಸ್ತೀವಿ. ನಾವು ಹೆಂಗಸರು ಯಾವಾಗ್ಲೂ ಮಾಡೋದೇ ಹಾಗೆ. ನೀನೋ ಆಗೆಲ್ಲ ಹಡಗಲ್ಲಿ, ಊರಿಗೆ ಬಂದ ಮೇಲೂ ಹಬ್ಬದ ದಿನವೆಲ್ಲ ಕಾಫಿ ಅಂಗಡೀಲಿ, ಮನೇಲಿದ್ರೆ ತಾನೇ ಗೊತ್ತಾಗೋದು? ನಿನ್ನೆ ಸಂಜೆ ಅವಳೂ ನಾನೂ ಸೇರಿ ಆ ಉಣ್ಣೆ ಹಾಸಿಗೇನ ಹೊತ್ತು ತಂದು ಇವರಿಗೆ ಹಾಸಿಕೊಟ್ವಿ.” ಅವಳು ಕಾಫಿ ಪಾತ್ರೆಯನ್ನು ನಿಧಾನವಾಗಿ ಕೆಳಗಿಟ್ಟು ಗಂಡನ ಮುಖವನ್ನೇ ನೋಡಿದಳು. “ಅದಿರಲಿ ಮಾರಾಯ, ತಿಗಣೆ ಅಂತ ನಿನಗೆ ಯಾರು ಹೇಳಿದ್ದು?”