ಮೆಟ್ಟಿಲು ಹತ್ತದ ಗಿರಾಕಿ

"ಈ ಮೆಟ್ಟಲಾ ಮತ್ತ ಹತ್ತಿದ್ರ ನನ್ನ ಹೆಸರು ಗಂಗೂನ ಅಲ್ಲ!"

ವರ್ಷಗಳ ಹಿಂದೆ, ಹಳಿಯಾಳದ ಬಸ್‌ಸ್ಟ್ಯಾಂಡಿನ ಹಿಂದೆ ರಾಕೇಶನ ಕಂಪ್ಯೂಟರ್ ರಿಪೇರಿ ಅಂಗಡಿ ಶುರುವಾದ ದಿನ ಆಡಿದ ಮಾತದು. ಅವತ್ತು ಗಂಗೂ ಊರಿನಿಂದ ಬೇಗ ಬಂದು ನೆಲ ಒರೆಸಿದ್ದಳು. ಕೆಂಪು ರಿಬ್ಬನ್ನಿನ ಒಂದು ತುದಿ ಹಿಡಿದು ನಿಂತಿದ್ದಳು. ಪಕ್ಕದ ಚಹಾದಂಗಡಿಯ ಪುಂಡಲೀಕ, "ಯಾರಲೇ ಈಕಿ?" ಎಂದು ಕಣ್ಣು ಮಿಟುಕಿಸಿದ. ರಾಕೇಶ ಸುತ್ತ ನಿಂತವರ ಮುಖ ನೋಡಿದ.

"ಕಸಾ ಹೊಡ್ಯಾಕ ಬಂದಾಳ," ಎಂದುಬಿಟ್ಟ.

ಹಿಂದಿನ ವಾರವಷ್ಟೇ ಅವಳ ಹತ್ತಿರ ಲಗ್ನದ ಮಾತಾಡಿದ್ದ ಬಾಯಿ ಅದು. ಗಂಗೂ ಕತ್ತರಿಸಿದ ರಿಬ್ಬನ್ನನ್ನು ಮುಷ್ಟಿಯಲ್ಲಿ ಹಿಡಿದೇ ಇಳಿದುಹೋಗಿದ್ದಳು.

ಇವತ್ತು ಅದೇ ಮೆಟ್ಟಿಲ ಕೆಳಗೆ, ಬಿಸಿಲಲ್ಲಿ ನಿಂತಿದ್ದಳು. ಕಂಕುಳಲ್ಲಿ ಲ್ಯಾಪ್‌ಟಾಪು, ಹೆಗಲ ಮೇಲೆ ಹಳೆಬಟ್ಟೆಯ ತುಂಡು ಜೋಡಿಸಿ ಹೊಲಿದ ಕೌದಿ. ಪೇಟೆಯ ಇನ್ನೊಬ್ಬ ರಿಪೇರಿಯವನು ಬಾಗಿಲು ಹಾಕಿಕೊಂಡು ಧಾರವಾಡಕ್ಕೆ ಹೋಗಿದ್ದ.

"ಅಂಗಡಿಯವರ, ಸ್ಕ್ರೀನ್ ಎಲ್ಲಾ ಗುಲಾಬಿ ಆಗೈತ್ರಿ."

ಆ 'ರಿ' ಅವನಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

"ಒಳಗ ಬಾ, ಗಂಗೂ."

"ಇಲ್ಲೇ ಅಡ್ಡಿಲ್ರಿ."

"ನೈಟ್ ಲೈಟ್ ಚಾಲೂ ಇರಬೇಕು, ರಾತ್ರಿ ಬಣ್ಣಾ ಬದಲಸೂ ಸೆಟಿಂಗು..."

"ಬಂದ್ ಮಾಡಿ ನೋಡೇನ್ರಿ. ಬಟನ್ ಒತ್ತಿದ ಕೂಡ್ಲೇ ಬರೂ ಕಂಪನಿ ಹೆಸರೂ ಗುಲಾಬೀನ. ಸೆಟಿಂಗ್ ತಪ್ಪಲ್ಲ ಇದು. ನಿಮಗ ಬರೂದಿಲ್ಲಂದ್ರ ಹೇಳ್ರಿ, ಹೋಗ್ತೇನ್ರಿ."

ತನ್ನ ಊರಿನ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿದ ಕೌದಿಗಳನ್ನು ಫೋಟೋ ತೆಗೆದು ಮಾರುವ ಹೊಣೆ ಅವಳದು. ಪರದೆಯ ಗುಲಾಬಿಯನ್ನು ಫೋಟೋದ ತಪ್ಪೆಂದು ತಿಳಿದು ಬಣ್ಣ ತಿದ್ದಿ ಕಳಿಸಿದ್ದಳು. ಕೊಳ್ಳುವವರಿಗೆ ಎಲ್ಲವೂ ಹಸಿರುಗಟ್ಟಿ ಕಂಡಿದ್ದವು. ಸಂಜೆಯೊಳಗೆ ಸರಿಯಾದ ಫೋಟೋ ಹೋಗದಿದ್ದರೆ ಆರ್ಡರು ರದ್ದು. ಮಳೆಗಾಲವೆಲ್ಲ ಕೂತು ಹೊಲಿದವರಿಗೆ ಏನು ಹೇಳುವುದು?

ರಾಕೇಶ ಮೇಲಿನಿಂದಲೇ ಬಾಗಿ ಲ್ಯಾಪ್‌ಟಾಪನ್ನು ಇಸಿದುಕೊಂಡು ಅಂಗಡಿಯ ಮಾನಿಟರಿಗೆ ಜೋಡಿಸಿದ. ಅಲ್ಲಿ ಬಣ್ಣ ಸರಿಯಿತ್ತು. ಮುಚ್ಚಳವನ್ನು ಹಿಂದೆ ಮುಂದೆ ಬಾಗಿಸಿದ. ಗುಲಾಬಿ ಹೋಗಿ ಮತ್ತೆ ಬಂತು.

"ಸ್ಕ್ರೀನಿನ ಕೇಬಲ್ ಸಡಲ ಆಗೈತಿ. ಮುಚ್ಚಳಾ ಬಡದು ಬಡದು ಮುಚ್ತಿಯೇನು?"

"ಕೆಲವರ ಮಾರಿ ನೆನಪಾದಾಗ ಮುಚ್ತೇನ್ರಿ."

ಅವನು ಬಿಚ್ಚಿ, ಕೇಬಲ್ಲನ್ನು ಒತ್ತಿ ಕೂರಿಸಿದ. ಗುಲಾಬಿ ಹೋಯಿತು. "ಬಣ್ಣ ಖರೇ ಬಂದೈತೇನು ಕೌದಿ ಇಟ್ಟು ನೋಡಬೇಕು. ಒಳಗ ಬಾ."

"ಬರಂಗಿಲ್ರಿ."

ಬಾಗಿಲಿನಿಂದಲೇ ಹಿಡಿದು ತೋರಿಸಿದ. ಬಿಸಿಲಿಗೆ ಪರದೆಯಲ್ಲಿ ಅವಳ ಸಿಟ್ಟಿನ ಮುಖವಷ್ಟೇ ಕಂಡಿತು.

ಕೊನೆಗೆ ರಾಕೇಶನೇ ಇಳಿದ. ಪುಂಡಲೀಕನ ಬೆಂಚಿನ ಮೇಲೆ ಅವಳ ಜೊತೆ ಕೂತು, ಪರದೆಗೆ ಬಿಸಿಲು ಬೀಳದಂತೆ ಕೌದಿಯನ್ನು ಇಬ್ಬರ ತಲೆಯ ಮೇಲೂ ಎಳೆದುಕೊಂಡ. ಒಂದು ಮೂಲೆ ಮಾತ್ರ ಹೊರಗೆ, ಬಿಸಿಲಿಗೆ.

ಒಳಗೆ ಕತ್ತಲು, ಹಳೆಯ ಬಟ್ಟೆಯ ಬೆಚ್ಚನೆ ವಾಸನೆ. ಪರದೆಯ ಬೆಳಕಿಗೆ ಅವಳ ಮೂಗುಬೊಟ್ಟು ಮಿನುಗಿತು. ಗಂಗೂ ತಲೆ ಹೊರಹಾಕಿ ಕೌದಿಯ ಮೂಲೆ ನೋಡುವಳು, ಒಳಬಂದು ಪರದೆಯ ಫೋಟೋ ನೋಡುವಳು. ಮೂರನೆಯ ಸಲ ಹಣೆಗೆ ಹಣೆ ಬಡಿಯಿತು.

"ಸೀದಾ ಕುಂಡ್ರಾಕ ಬರೂದಿಲ್ಲೇನ್ರಿ? ಫೋಟೋದಾಗ ಕೆಂಪು ಇನ್ನೂ ಮಬ್ಬ ಐತಿ, ಏರಸ್ರಿ."

ಏರಿಸಿದ. ಹೋಲಿಸಲು ತಾನೂ ತಲೆ ಹೊರಹಾಕಿದ. ಮೂಲೆಗೆ ಹೊಲಿದ ಹೂವಿನ ಕೆಂಪು ಸಾಟಿನ್ನಿನಂತೆ ಹೊಳೆಯಿತು. ಅವನು ಮೆಲ್ಲನೆ ಒಳಬಂದ.

"ಇದು ನನ್ನ ಅಂಗಡಿ ರಿಬ್ಬನ್ನು."

"ಚಿಂದಿ. ಅದಕ್ಕ ಮಾರಾಕತ್ತೇನಿ."

'ರಿ' ಉದುರಿಹೋಗಿತ್ತು. ಇಬ್ಬರಿಗೂ ಅದು ಕೇಳಿಸಿತು.

ಹೊರಗಿನಿಂದ ಪುಂಡಲೀಕನ ದನಿ: "ರಾಕೇಶಾ! ಕೌದ್ಯಾಗ ಯಾರಲೇ ಅದು?"

ರಾಕೇಶ ಕೌದಿಯನ್ನು ಸರಿಸಿ ಎದ್ದು ನಿಂತ. ಚಹಾ ಕುಡಿಯುತ್ತಿದ್ದವರೆಲ್ಲ ತಿರುಗಿದರು.

"ಗಂಗೂ. ನಾ ಲಗ್ನ ಆಗಬೇಕಂದಾಕಿ. ಅವತ್ತೂ ಈಕೀನ. ಕಸಾ ಹೊಡ್ಯಾಕ ಬಂದಾಳಂತ ಸುಳ್ಳ ಹೇಳಿದ್ದೆ."

"ಆಕಿ ಒಪ್ಪ್ಯಾಳೇನು?"

"ಇನ್ನೂ ಬೈಯಾಕತ್ತಾಳ."

"ಇಷ್ಟ ಹೇಳಾಕ ಇಷ್ಟ ವರ್ಷ ಬೇಕಾತೇನ್ ಹೇಡಿ?" ಗಂಗೂ ಲ್ಯಾಪ್‌ಟಾಪು ಕಿತ್ತುಕೊಂಡು ಫೋಟೋಗಳನ್ನು ಆರಿಸತೊಡಗಿದಳು. "ಈ ಕೌದಿ ಒಂದ ಬಿಟ್ಟು ಉಳದವು ಕಳಸ್ತೇನಿ."

"ಇದನ್ಯಾಕ ಬಿಟ್ಟಿ?"

"ಲಗ್ನದ ದಿನ ಹಾಸಾಕ ಬ್ಯಾಡೇನು?" ಪರದೆಯಿಂದ ಕಣ್ಣೆತ್ತಲಿಲ್ಲ. "ಬೀಗಾ ಹಾಕು. ಈಗ ಹೇಳಿದ್ದನ್ನ ನಮ್ಮವ್ವನ ಮುಂದ ಹೇಳ ನಡಿ."

ರಾಕೇಶ ಬೀಗ ಹಾಕಿ ಮೆಟ್ಟಿಲಿಳಿದು ಬಂದ.

ಲಗ್ನವಾದ ಮೇಲೂ ಗಂಗೂ ಆ ಮೆಟ್ಟಿಲು ಹತ್ತಲಿಲ್ಲ. ಆಡಿದ ಮಾತು ಉಳಿಸಿಕೊಂಡಳು.