ಗೈಡ್ ಮಾತಾಡದ ಕೋಣೆ

"ಗೋರಿ ಕೋಣೆಯಲ್ಲಿ ಮಾತ್ರ ಬಾಯಿ ಬಿಡಬೇಡ" ಎಂದು ಹಿರಿಯ ಗೈಡ್ ಹೇಳಿದಾಗ ಹೊಸ ಗೈಡ್ ಕಿಸಕ್ಕನೆ ನಕ್ಕ. ಕೆಲಸಕ್ಕೆ ಸೇರಿ ಹನ್ನೆರಡೇ ದಿನ. ಅಷ್ಟರಲ್ಲೇ ಈ ಮಹಾನಗರದ ಕೋಟೆ, ಕಮಾನು, ಅರಮನೆಗಳೆಲ್ಲ ತನ್ನಪ್ಪನ ಆಸ್ತಿ ಎಂಬಂತೆ ಓಡಾಡುತ್ತಿದ್ದ.

"ಗೈಡೇ ಬಾಯಿ ಮುಚ್ಕೊಂಡ್ರೆ ಹೇಗೆ ಸರ್? ಕೈಸನ್ನೆ ಮಾಡ್ಲಾ?"

ಹಿರಿಯ ನಗಲಿಲ್ಲ. "ಅಲ್ಲಿ ಮಲಗಿರೋ ರಾಣಿ ಮೇಲೆ ಅವಳ ಗಂಡ ರಾಜನೇ ಇಲ್ಲದ ಗೂಬೆ ಕೂರಿಸಿ, ಜೀವ ಇರುವಾಗ್ಲೇ ಅವಳ ಸುತ್ತ ಗೋಡೆ ಎಬ್ಬಿಸಿಬಿಟ್ಟ. ಅವಳ ತಾಯಿ ಮಾಟಗಾರನ್ನ ಕರೆಸಿ, ತಲೆದೆಸೆಗೆ ತಾಮ್ರದ ತಗಡು ಹೂಳಿಸಿದ್ದಾಳೆ. ನಾಲಿಗೆ ಕಟ್ಟು ಅದು. ಅವಳ ಬಗ್ಗೆ ಅಲ್ಲಿ ಸುಳ್ಳಾಡಿದವನ ನಾಲಿಗೆ, ಅವನ ಮನೆ ಹೆಣ್ಣಿನ ಮುಂದೆ ಮತ್ತೆ ನಿಜ ಆಡಲ್ಲ. ನಾವ್ಯಾರೂ ಅಲ್ಲಿ ಮಾತಾಡಲ್ಲಪ್ಪ. ಟಾರ್ಚ್ ಹಿಡೀತೀವಿ, ತೋರಿಸ್ತೀವಿ, ಬರ್ತೀವಿ."

"ನಮ್ಮನೇಲಿರೋದು ಅಕ್ಕ ಒಬ್ಬಳೇ, ಬಿಡಿ" ಎಂದು ಹೊಸಬ ಜೋರಾಗಿ ನಕ್ಕು ಹೊರಟ.

ಅಕ್ಕ ಒಬ್ಬಳೇ ಅಂತೆ. ಹೆತ್ತವರು ಹೋದಾಗ ಅವನಿಗೆ ಆರು ವರ್ಷ, ಅವಳಿಗೆ ಹದಿನಾರು. ಹಾಸ್ಟೆಲೊಂದರ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಿ ತಿಕ್ಕಿ ತಮ್ಮನನ್ನು ಇತಿಹಾಸದಲ್ಲಿ ಎಂ.ಎ. ಮಾಡಿಸಿದವಳು, ತನ್ನ ಮದುವೆಯ ಮಾತೆತ್ತಿದವರನ್ನೆಲ್ಲ ಬಾಗಿಲಲ್ಲೇ ಸಾಗಹಾಕಿದವಳು. ಇವತ್ತು ರಜೆ ಹಾಕಿ, ಇಸ್ತ್ರಿ ಮಾಡಿದ ಸೀರೆಯುಟ್ಟು, ತಮ್ಮನ ಕೆಲಸ ನೋಡಲು ಬಂದಿದ್ದಳು. ಬೆಳಿಗ್ಗೆಯೇ ಅವನು ತಾಕೀತು ಮಾಡಿದ್ದ: "ಹಿಂದೆ ನಿಂತ್ಕೋ ಅಕ್ಕ. ಜನರ ಮುಂದೆ ನನ್ನ ಮಾತಾಡಿಸ್ಬೇಡ. ಮನೆಯವ್ರನ್ನ ಕರ್ಕೊಂಡ್ ಬರಬಾರದು ಅಂತ ಆಫೀಸಲ್ಲಿ ರೂಲ್ಸಿದೆ." ಅಂಥ ರೂಲ್ಸು ಯಾವ ಆಫೀಸಿನಲ್ಲೂ ಇರಲಿಲ್ಲ. ಅವಳು ನಂಬಿದಳು. ತನ್ನ ಪುಟ್ಟ ಹೇಳಿದ್ದನ್ನು ಅವಳು ಯಾವತ್ತು ನಂಬಿರಲಿಲ್ಲ, ಹೇಳಿ.

ಅಂದಿನ ಗುಂಪಿನಲ್ಲಿ ಇಪ್ಪತ್ತು ಜನ, ಎಲ್ಲರೂ ಠಾಕುಠೀಕಾದವರು. ಹಳೇ ಕೋಟೆ ಬಾಗಿಲ ಬಳಿ ಕಪ್ಪು ಕನ್ನಡಕದ ಹೆಂಗಸೊಬ್ಬಳು ಹಿಂದೆ ಬರುತ್ತಿದ್ದ ಅಕ್ಕನತ್ತ ಬೆರಳು ತೋರಿಸಿ, "ಅವರೂ ನಮ್ಮ ಜೊತೆಯವ್ರಾ?" ಎಂದು ಕೇಳಿದಳು.

"ಯಾರೋ ಗೊತ್ತಿಲ್ಲ ಮೇಡಂ. ಸೇರ್ಕೊಂಡಿದ್ದಾರೆ."

ಅಕ್ಕ ದೂರದಲ್ಲಿದ್ದಳು; ಕೇಳಿಸಲಿಲ್ಲ. ಅವನಿಗೆ ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ, ಕಿವಿ ಬಿಸಿಯಾಗುವಷ್ಟು ಆಯಿತು. ಆದರೆ ಅದನ್ನು ನುಂಗಿಕೊಳ್ಳುವುದು ಅವನಿಗೆ ಹಳೆಯ ಅಭ್ಯಾಸ.

ಗೋರಿ ಕೋಣೆ ಹೊಕ್ಕಾಗ ಹೊರಗೆ ನೆತ್ತಿ ಸುಡುವ ಬಿಸಿಲು. ಒಳಗೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕತ್ತಲು ಮೈಗೆ ಮೆತ್ತಿಕೊಂಡಿತು. ಒದ್ದೆ ಸುಣ್ಣದ ವಾಸನೆ, ಬಾವಲಿ ಹಿಕ್ಕೆಯ ಘಾಟು, ಇವೆರಡರ ಅಡಿಯಲ್ಲಿ ಸುಟ್ಟ ಕೂದಲಿನ ಕಮಟು. ಮೇಲೆ ಗುಮ್ಮಟದಲ್ಲಿ ಏನೋ ಪಟಪಟ ರೆಕ್ಕೆ ಬಡಿಯಿತು. ಟಾರ್ಚಿನ ಬೆಳಕಿನಲ್ಲಿ ಹೆಸರಿಲ್ಲದ ಒಂದು ಕರಿಕಲ್ಲು. ಗುಂಪಿನಲ್ಲಿ ಯಾರೋ ಆಕಳಿಸಿದರು.

"ಇದರ ಕತೆ ಏನೂ ಇಲ್ವಾ?" ಎಂದಳು ಕಪ್ಪು ಕನ್ನಡಕದವಳು.

ಬಾಯಿ ಚಪಲ ಸುಮ್ಮನೆ ಬಿಡುತ್ತದೆಯೇ? "ಇಲ್ದೇ ಏನು ಮೇಡಂ? ಈ ರಾಣೀಗೂ ಗೋಡೆ ಕಟ್ಟೋ ಮೇಸ್ತ್ರಿಗೂ ಬಹಳ ಸ್ನೇಹ. ರಾಜ ಬೇಟೆಗೆ ಹೋದ ಅಂದ್ರೆ ಮೇಸ್ತ್ರಿ ರಿಪೇರಿಗೆ ಹಾಜರ್. ಅದಕ್ಕೇ ನೋಡಿ, ಅರಮನೇಲಿ ಈ ಗೋಡೆ ಮಾತ್ರ ಇಷ್ಟು ದಪ್ಪ."

ಇಪ್ಪತ್ತು ಜನ ಘೊಳ್ಳೆಂದು ನಕ್ಕರು. ಅಕ್ಕ ನಗಲಿಲ್ಲ.

ನಗು ಗುಮ್ಮಟಕ್ಕೆ ಏರಿತು. ಮರಳಿ ಬರಲಿಲ್ಲ. ರೆಕ್ಕೆಯ ಸದ್ದು ನಿಂತಿತು. ಟಾರ್ಚು ಕೆಂಪಾಗಿ, ಮಂಕಾಗಿ, ಆರಿಹೋಯಿತು. ಸುಟ್ಟ ಕೂದಲಿನ ವಾಸನೆ ಗಂಟಲಿಗೇ ಬಂತು. ಆಗ ಮೇಲಿನಿಂದ ಒಂದು ದನಿ ಇಳಿಯಿತು. ಅದು ಅವನದೇ ದನಿ.

"ಯಾರೋ ಗೊತ್ತಿಲ್ಲ ಮೇಡಂ. ಸೇರ್ಕೊಂಡಿದ್ದಾರೆ."

ಅವನು ಬಾಯಿ ಬಿಟ್ಟಿರಲಿಲ್ಲ. ದನಿ ಗೋಡೆಯಿಂದ ಗೋಡೆಗೆ ಹೊರಳಿ ಹತ್ತಿರ ಬಂತು. ಈಗ ಎಳೆಯದಾಗಿತ್ತು, ಕಾಲೇಜು ದಿನಗಳದ್ದು.

"ಅವಳಾ? ಪಾತ್ರೆ ತಿಕ್ಕೋಳು ಕಣ್ರೋ. ಪಾಪ ಅಂತ ಮಾತಾಡಿಸ್ತೀನಿ."

ಬೇಡ. ಎರಡೂ ಕೈಯಿಂದ ಬಾಯಿ ಅದುಮಿಕೊಂಡ. ದನಿ ನಿಲ್ಲಲಿಲ್ಲ. ಅದು ಕಿವಿಯ ಪಕ್ಕದಲ್ಲೇ ಇತ್ತು. ಹೋದ ತಿಂಗಳು ಹೆಣ್ಣು ನೋಡಲು ಹೋದ ಮನೆಯಲ್ಲಿ, ಕಾಫಿ ಲೋಟ ಹಿಡಿದು ಆಡಿದ ಮಾತು ಅದು.

"ಅಕ್ಕ ಒಬ್ಬಳಿದ್ದಳು. ತೀರ್ಕೊಂಡ್ಳು."

ಜನ ಕಿರುಚಿದರು. ನೂಕಾಡಿದರು. ಬಾಗಿಲ ಬಿಸಿಲಿನತ್ತ ಓಡಿದರು. ಕತ್ತಲಲ್ಲಿ ಒಂದು ಉಸಿರು ಮಾತ್ರ ಅಲ್ಲೇ ಉಳಿದಿತ್ತು. ಆ ಉಸಿರು ಅವನಿಗೆ ಗೊತ್ತು. ಜ್ವರ ಬಂದಾಗಲೆಲ್ಲ ಅದರ ಪಕ್ಕದಲ್ಲೇ ಮಲಗಿ ಬೆಳೆದವನು. ಅದೂ ಮೆಲ್ಲಗೆ ಹೊರಗೆ ಹೋಯಿತು.

ಅವನು ಎಡವುತ್ತ ಹೊರಬಂದ. ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ಗುಂಪು ದೂರ ನಿಂತು ನೋಡುತ್ತಿತ್ತು. ನೋಡಲಿ, ಇನ್ನು ಯಾರು ನೋಡಿದರೇನು? ಇವಳು ನನ್ನಕ್ಕ, ನನ್ನನ್ನು ಸಾಕಿದವಳು ಎಂದು ಊರಿಗೇ ಕೇಳುವಂತೆ ಕೂಗಬೇಕು. ತಪ್ಪಾಯ್ತು ಎನ್ನಬೇಕು. ಮಾತು ಎದೆಯಿಂದ ಹೊರಟಿತು. ನಾಲಿಗೆಯ ಮೇಲೆ ತಾಮ್ರದ ರುಚಿ ಹರಡಿತು.

"ಯಾರಮ್ಮ ನೀವು?" ಎಂದ.

ಅವಳು ತಲೆಯೆತ್ತಿದಳು. ಅವನು ಬೆದರಿ ಮತ್ತೆ ಬಾಯ್ತೆರೆದ. ಅಕ್ಕ. ಎರಡೇ ಅಕ್ಷರ.

"ನಿಮ್ಮನ್ನ ನಾನು ಎಲ್ಲೂ ನೋಡಿಲ್ವಲ್ಲ?"

ಕಣ್ಣಿನಿಂದ ನೀರು ಧಾರಾಕಾರ ಸುರಿಯುತ್ತಿತ್ತು. ಬಾಯಿ ಮಾತ್ರ ನಯವಾಗಿ, ಅಪರಿಚಿತರೊಡನೆ ಆಡುವಂತೆ ಆಡುತ್ತಿತ್ತು. ದಿಕ್ಕುಗಾಣದೆ ಅವಳ ಕಾಲ ಮೇಲೆ ಬಿದ್ದ. ಪಾತ್ರೆ ತೊಳೆಯುವ ಸೋಡಾ ನೀರಿಗೆ ಸುಲಿದುಹೋದ ಆ ಬೆರಳುಗಳು ಅವನ ಭುಜ ಹಿಡಿದು ಮೇಲೆತ್ತಲು ನೋಡಿದವು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ತಾನು ಇವತ್ತು ಬರಬಾರದಿತ್ತು ಎಂಬ ಸಂಕೋಚವಷ್ಟೇ ಇತ್ತು.

"ಏಳಿ ಸರ್" ಎಂದಳು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ. "ಜನ ನೋಡ್ತಿದ್ದಾರೆ. ನಿಮ್ಮ ಕೆಲಸಕ್ಕೆ ತೊಂದ್ರೆ ಆಗುತ್ತೆ."

ಸೀರೆಯ ಧೂಳು ಕೊಡವಿಕೊಂಡು ಬಸ್ ಸ್ಟಾಪಿನ ಕಡೆ ನಡೆದಳು. ಕೂಗಲು ಅವನು ಬಾಯಿ ತೆರೆದ. ಇನ್ನೇನು ಬಂದೀತೋ ಎಂಬ ಭಯಕ್ಕೆ ತಾನೇ ಮುಚ್ಚಿಕೊಂಡ.