ಒಂದು ಸ್ಟಾರ್ಟಿಗೆ ಸಾಕಾಗುವಷ್ಟು ಕರೆಂಟ್

ಜೀಪು ಹುಣಸೆ ತೋಪಿನ ಆಚೆ ಬದಿಗೆ ಬಂದು ನಿಂತಿತು.

ನಾನು ಲಾರಿಯ ಎಂಜಿನ್ ಆಫ್ ಮಾಡಿದೆ. ಬೇರೆ ದಾರಿ ಇರಲಿಲ್ಲ. ಹಳೇ ಡೀಸೆಲ್ ಎಂಜಿನ್ನಿನ ಸದ್ದು ಅಂಬಾಜಿದುರ್ಗದ ಬಂಡೆಗಳಿಗೆ ಬಡಿದು ಊರಿಗೆಲ್ಲ ಕೇಳಿಸುತ್ತದೆ.

ಆ ಸದ್ದು ನಿಂತಿತು. ಇನ್ನೊಂದು ಉಳಿಯಿತು.

ಕ್ಯಾಬಿನ್ನಿನ ಹಿಂದಿನ ಸೀಟಿನಲ್ಲಿ ಒಂದು ಪುಟ್ಟ ಮಷೀನು ಗುರ್ ಎನ್ನುತ್ತಿತ್ತು. ನೆಬ್ಯುಲೈಸರ್. ಔಷಧಿಯನ್ನು ಮಂಜಿನ ಹಾಗೆ ಮಾಡಿ ಎದೆಗೆ ಕಳಿಸುವ ಮಷೀನು. ಅದರ ಮಾಸ್ಕು ಲಕ್ಷ್ಮಿದೇವಮ್ಮನ ಮುಖದ ಮೇಲಿತ್ತು. ಅವಳ ಗಂಡ ವೆಂಕಟರವಣಪ್ಪ ಅವಳ ಬೆನ್ನನ್ನು ಎದೆಗೆ ಒರಗಿಸಿಕೊಂಡು ಕೂತಿದ್ದ.

ಎಂಜಿನ್ ಓಡುತ್ತಿದ್ದರೆ ಲಾರಿ ತನ್ನ ಬ್ಯಾಟರಿಯನ್ನು ತಾನೇ ತುಂಬಿಸಿಕೊಳ್ಳುತ್ತದೆ. ಎಂಜಿನ್ ನಿಂತರೆ ಮಷೀನು ಆ ಬ್ಯಾಟರಿಯನ್ನು ಕುಡಿಯುತ್ತಾ ಹೋಗುತ್ತದೆ. ಪೂರ್ತಿ ಕುಡಿದರೆ ಲಾರಿ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಆಗದಿದ್ದರೆ ಜೀಪಿನವರು ನಮ್ಮನ್ನು ಅಲ್ಲೇ ಮುಗಿಸುತ್ತಾರೆ.

ಮಷೀನು ನಿಲ್ಲಿಸೋಣ ಎಂದರೆ, ಆ ಹೆಂಗಸಿಗೆ ಉಸಿರಿಲ್ಲ.

ಉಬ್ಬಸದ ಹೆಂಗಸನ್ನು ಲಾರಿಯಲ್ಲಿ ಯಾಕಯ್ಯಾ ಕೂರಿಸಿಕೊಂಡು ಹೋದೆ ಎಂದು ನೀವು ಕೇಳಬಹುದು. ಹೇಳುತ್ತೇನೆ.

ನಾನು ಕೋನಪ್ಪ. ಚಿಂತಾಮಣಿಯವನು. ಕಳುವಾದ ಲಾರಿಗಳನ್ನು, ತಲೆಮರೆಸಿಕೊಂಡ ಡ್ರೈವರುಗಳನ್ನು ಹುಡುಕಿಕೊಡುವುದು ನನ್ನ ಕಸುಬು. ತೊಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಪೆದ್ದಮ್ಮ ಎಂಬ ಮುದುಕಿ ನನ್ನ ಮನೆ ಬಾಗಿಲಿಗೆ ಬಂದಳು. ಅವಳ ಮಗ ಮುನಿನಾರಾಯಣಪ್ಪ ಲಾರಿ ಕ್ಲೀನರ್. ಮಂಚೇನಹಳ್ಳಿ ಹತ್ತಿರ ನಿಂತಿದ್ದ ಲಾರಿಯೊಳಗೆ ಸುಟ್ಟು ಸತ್ತಿದ್ದ. ಲಾರಿ ಗೌರಿಬಿದನೂರಿನ ಹನುಮಂತರಾಯಪ್ಪನದು. ದೊಡ್ಡ ಟ್ರಾನ್ಸ್‌ಪೋರ್ಟ್ ಕುಳ. ಎಲೆಕ್ಷನ್ನಿಗೆ ನಿಲ್ಲಲು ಓಡಾಡುತ್ತಿದ್ದವನು. ಕ್ಲೀನರ್ ಕ್ಯಾಬಿನ್ನಿನಲ್ಲಿ ಸ್ಟವ್ ಹಚ್ಚಿದ್ದಕ್ಕೇ ಬೆಂಕಿ ಬಿತ್ತು ಎಂದು ಅವನು ಹೇಳಿಕೆ ಕೊಟ್ಟಿದ್ದ.

ಮುದುಕಿ ನನ್ನೆದುರು ಅಳಲಿಲ್ಲ. ಒಂದೇ ಮಾತು ಹೇಳಿದಳು.

"ನನ್ ಮಗನ್ಗೆ ಸ್ಟವ್ ಹಚ್ಚಾಕೇ ಬರ್ತಿರ್ಲಿಲ್ಲ ಕಣಪ್ಪ."

ನಾನು ಆ ಲಾರಿಯ ಡ್ರೈವರನ್ನು ಹುಡುಕಲು ಹೊರಟೆ. ವೆಂಕಟರವಣಪ್ಪ ಕೆಂಚಾರ್ಲಹಳ್ಳಿಯಲ್ಲಿ, ಹೆಂಡತಿಯ ತವರಿನಲ್ಲಿ ಸಿಕ್ಕಿದ. ರೇಷ್ಮೆ ಹುಳು ಸಾಕುವ ಮನೆಯ ಹಿಂದೆ ಅಡಗಿ ಕೂತಿದ್ದ. ಮೊದಲು ಬಾಯಿ ಬಿಡಲಿಲ್ಲ. ಲಕ್ಷ್ಮಿದೇವಮ್ಮ ಅವನ ಪಕ್ಕದಲ್ಲಿ ಬಂದು ಕೂತಳು, ಅವನ ಮಂಡಿಯ ಮೇಲೆ ಕೈಯಿಟ್ಟಳು. ಆಮೇಲೆ ಎಲ್ಲವೂ ಹೊರಗೆ ಬಂತು.

ಅವತ್ತು ಲಾರಿಯಲ್ಲಿ ರೇಷ್ಮೆ ನೂಲಿನ ಲೋಡಿತ್ತು. ಕ್ಲೀನರ್ ಕಾವಲು ಬಿಟ್ಟು ಎಲ್ಲಾದರೂ ಹೋದಾನು ಎಂದು ಹನುಮಂತರಾಯಪ್ಪ ಅವನನ್ನು ಕ್ಯಾಬಿನ್ನಿನೊಳಗೆ ಕೂರಿಸಿ ಹೊರಗಿನಿಂದ ಬೀಗ ಹಾಕಿದ. ಕಿಟಕಿಗಳಿಗೆ ಮೊದಲೇ ಕಬ್ಬಿಣದ ಜಾಲರಿ ಇತ್ತು. ಒಳಗೆ ಸೆಕೆ. ಗಾಳಿಗೆಂದು ಒಂದು ಪುಟ್ಟ ಫ್ಯಾನು ಇಟ್ಟು, ಕಾಲಿಂಗ್ ಬೆಲ್ಲಿಗೆ ಹಾಕುವಂಥ ಸಣ್ಣ ವೈರನ್ನು ತಾನೇ ಬ್ಯಾಟರಿಗೆ ಸುತ್ತಿದ. ಮಧ್ಯೆ ಫ್ಯೂಸ್ ಇಲ್ಲ. ಫ್ಯೂಸ್ ಹಾಕೋಣ ಸಾಮಿ ಎಂದು ವೆಂಕಟರವಣಪ್ಪ ಹೇಳಿದ್ದಕ್ಕೆ, ಫ್ಯಾನಿಗೂ ಫ್ಯೂಸ್ ಬೇಕೇನೋ ಎಂದು ನಕ್ಕನಂತೆ. ಸೀಟಿನ ಕಬ್ಬಿಣಕ್ಕೆ ಉಜ್ಜಿ ವೈರಿನ ಸಿಪ್ಪೆ ಕಿತ್ತುಹೋಯಿತು. ಶಾರ್ಟ್ ಆಯಿತು. ವೈರು ಕಾದ ಸರಳಿನಂತೆ ಕೆಂಪಾಗಿ ಸೀಟಿಗೆ ಬೆಂಕಿ ಹಿಡಿಯಿತು.

ಬೀಗದ ಕೀ ಹನುಮಂತರಾಯಪ್ಪನ ಜೇಬಿನಲ್ಲಿತ್ತು. ಅವನು ಊಟಕ್ಕೆ ಹೋಗಿದ್ದ.

ವೆಂಕಟರವಣಪ್ಪ ಕಲ್ಲಿನಿಂದ ಮುಂದಿನ ಗ್ಲಾಸು ಒಡೆಯುವಷ್ಟರಲ್ಲಿ ಒಳಗಿನಿಂದ ಬಡಿಯುತ್ತಿದ್ದ ಸದ್ದು ನಿಂತುಹೋಗಿತ್ತು.

ಇದನ್ನು ಚಿಕ್ಕಬಳ್ಳಾಪುರದ ಕೋರ್ಟಿನಲ್ಲಿ ಹೇಳಲು ಅವನು ಒಪ್ಪಿದ. ಆದರೆ ಹೆಂಡತಿಯನ್ನು ಬಿಟ್ಟು ಬರುವುದಿಲ್ಲ ಎಂದ. ಹನುಮಂತರಾಯಪ್ಪನ ಕಡೆಯವರು ಆಗಲೇ ಕೆಂಚಾರ್ಲಹಳ್ಳಿಯಲ್ಲಿ ಸುಳಿದಾಡಿ ಹೋಗಿದ್ದರು. ಲಕ್ಷ್ಮಿದೇವಮ್ಮ ಮದುವೆಗೂ ಮುಂಚಿನಿಂದ ಶಿಡ್ಲಘಟ್ಟದಲ್ಲಿ ಕುದಿಯುವ ನೀರಿನ ಮುಂದೆ ಕೂತು ಗೂಡಿನಿಂದ ನೂಲು ತೆಗೆದವಳು. ಆ ಹಬೆ, ಆ ವಾಸನೆ ಅವಳ ಎದೆಯನ್ನು ತಿಂದುಹಾಕಿತ್ತು. ಯಾರೋ ಪುಣ್ಯಾತ್ಮ ಡಾಕ್ಟರು ಕೊಡಿಸಿದ ಮಷೀನು ಇಲ್ಲದೆ ಅವಳು ಎಲ್ಲಿಗೂ ಹೋಗುವಂತಿರಲಿಲ್ಲ. ಮಷೀನಿಗೆ ಕರೆಂಟ್ ಬೇಕು. ನನ್ನ ಹತ್ತಿರ ಇದ್ದದ್ದು ಒಂದು ಹಳೇ ಲಾರಿ.

ವಿಚಾರಣೆಯ ಬೆಳಿಗ್ಗೆ ಗಂಡ ಹೆಂಡತಿಯನ್ನು ಹತ್ತಿಸಿಕೊಂಡು ನೇರ ಬಯ್ಯಪ್ಪನ ಶೆಡ್ಡಿಗೆ ಬಂದೆ. ಬಯ್ಯಪ್ಪ ಚಿಂತಾಮಣಿಯಲ್ಲಿ ಲಾರಿಗಳ ಎಲೆಕ್ಟ್ರಿಕಲ್ ಕೆಲಸ ಮಾಡುವವನು, ನನ್ನ ಹಳೇ ಸ್ನೇಹಿತ. ಮನೆ ಕರೆಂಟಿನ ಮಷೀನನ್ನು ಲಾರಿ ಬ್ಯಾಟರಿಯಿಂದ ಓಡಿಸುವ ಒಂದು ಇನ್ವರ್ಟರ್ ಜೋಡಿಸಿಟ್ಟಿದ್ದ. ಟೈಮಿಲ್ಲ, ಎರಡು ವೈರು ಸಿಕ್ಕಿಸಿಬಿಡು ಎಂದೆ. ಅವನು ನನ್ನ ಮುಖ ನೋಡಿದ. ಮುನಿನಾರಾಯಣಪ್ಪ ಹೇಗೆ ಸತ್ತ ಎಂಬುದು ಅವನಿಗೂ ಗೊತ್ತಿತ್ತು.

ಅವನು ದಪ್ಪ ವೈರು ಎಳೆದ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಕೂರಿಸಿದ. ವೈರು ಕಬ್ಬಿಣದ ತೂತಿನಲ್ಲಿ ಹಾಯುವ ಕಡೆಯೆಲ್ಲ ರಬ್ಬರ್ ಸಿಕ್ಕಿಸಿದ. ಇನ್ವರ್ಟರನ್ನು ಗಾಳಿಯಾಡುವ ಜಾಗದಲ್ಲಿ ಬಿಗಿದ. ಮಷೀನು ಗುರ್ ಎಂದಾಗ ಲಕ್ಷ್ಮಿದೇವಮ್ಮ ಮಾಸ್ಕಿನೊಳಗೇ ನಕ್ಕಳು.

"ಎಂಜಿನ್ ಓಡ್ತಿದ್ರೆ ಭಯ ಇಲ್ಲ," ಎಂದ ಬಯ್ಯಪ್ಪ. "ನಿಲ್ಸಿದ್ರೆ ಜಾಸ್ತಿ ಹೊತ್ತು ತಡೆಯಲ್ಲ, ನಿನ್ ಬ್ಯಾಟರಿಗಳು ಹಳೇವು. ಒಂದು ಬಜರ್ ಇಟ್ಟಿದೀನಿ. ಅದು ಕೂಗ್ತು ಅಂದ್ರೆ ಒಂದು ಸ್ಟಾರ್ಟಿಗೆ ಸಾಕಾಗೋಷ್ಟು ಕರೆಂಟ್ ಉಳಿದಿದೆ ಅಂತ. ತಕ್ಷಣ ಮಷೀನ್ ಬಂದ್ ಮಾಡ್ಬೇಕು."

ಅವಳು ಮಾಸ್ಕು ಸರಿಸಿ ಕೇಳಿದಳು. "ಮಾಡ್ದಿದ್ರೆ?"

"ಗಾಡಿ ಅಲ್ಲೇ ನಿಲ್ತದೆ ಕಣಮ್ಮ."

ಶೆಡ್ಡಿನಿಂದ ಹೊರಗೆ ಬರುತ್ತಿದ್ದ ಹಾಗೇ ಆ ಜೀಪು ಕನ್ನಡಿಯಲ್ಲಿ ಕಾಣಿಸಿತು.

ಶಿಡ್ಲಘಟ್ಟದ ರೋಡಿಗೆ ತಿರುಗುವ ಕಡೆ ಜೀಪು ಅಡ್ಡ ನುಗ್ಗಿತು. ಸ್ಟೇರಿಂಗ್ ತಿರುಗಿಸಿ ಅಂಬಾಜಿದುರ್ಗದ ಕಡೆ ಮಣ್ಣುದಾರಿಗೆ ಇಳಿಸಿದೆ. ಜೀಪಿನಿಂದ ಒಂದು ಕಲ್ಲು ಬಂದು ಬಡಿದು ಎಡಗಡೆಯ ಗ್ಲಾಸು ಪುಡಿಯಾಯಿತು. ಧೂಳು ಕ್ಯಾಬಿನ್ನಿಗೆ ನುಗ್ಗಿತು. ಬೆಟ್ಟದ ತಿರುವಿನಲ್ಲಿ ಜೀಪನ್ನು ತಪ್ಪಿಸಿ ಹುಣಸೆ ತೋಪಿಗೆ ನುಗ್ಗುವ ಹೊತ್ತಿಗೆ ಲಕ್ಷ್ಮಿದೇವಮ್ಮನ ತುಟಿ ನೀಲಿಗಟ್ಟಿತ್ತು. ಒಂದೊಂದು ಉಸಿರನ್ನೂ ಬಾವಿಯಿಂದ ಸೇದುವ ಹಾಗೆ ಸೇದುತ್ತಿದ್ದಳು. ವೆಂಕಟರವಣಪ್ಪ ಔಷಧಿ ಮುಗಿದ ಹಾಗೆಲ್ಲ ಮತ್ತೆ ಹುಯ್ಯುತ್ತಿದ್ದ.

ಎಂಜಿನ್ ಆಫ್ ಮಾಡಿದ್ದು ಅಲ್ಲೇ.

ಜೀಪಿನಿಂದ ನಾಲ್ವರು ಇಳಿದರು. ಕೈಯಲ್ಲಿ ಮಚ್ಚು. ಮರಗಳ ನಡುವೆ ಹುಡುಕುತ್ತಾ ಬರುತ್ತಿದ್ದರು. ಅವಸರವಿರಲಿಲ್ಲ ಅವರಿಗೆ.

ಅಷ್ಟರಲ್ಲಿ ಬಜರ್ ಕೂಗಿತು.

ಟವೆಲ್ಲಿನಿಂದ ಅದರ ಬಾಯಿ ಮುಚ್ಚಿದೆ. ಸದ್ದು ಅಡಗಲಿಲ್ಲ. ಅದರ ವೈರನ್ನು ಕಿತ್ತೆ. ಬಜರ್ ಸುಮ್ಮನಾಯಿತು. ಮಷೀನು ಓಡುತ್ತಲೇ ಇತ್ತು.

ವೆಂಕಟರವಣಪ್ಪ ನನ್ನ ಮಣಿಕಟ್ಟು ಹಿಡಿದುಕೊಂಡ. "ಕೋನಪ್ಪಣ್ಣ, ಮಷೀನ್ ಮುಟ್ಬೇಡಿ."

"ಮುಟ್ಟಲ್ಲ," ಎಂದೆ.

ಮಾಸ್ಕಿನ ಮೇಲಿಂದ ಅವಳ ಎರಡು ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು.

"ಗಾಡಿ ಸ್ಟಾರ್ಟ್ ಆಗುತ್ತಾ ಅಣ್ಣ?"

"ಆಗುತ್ತೆ ಕಣಮ್ಮ. ನೀನು ಉಸಿರು ತಗೋ."

ನಾನು ಸುಳ್ಳು ಹೇಳುವುದರಲ್ಲಿ ಪಳಗಿದವನು. ಪೊಲೀಸರು, ಫೈನಾನ್ಸಿನವರು, ಎಂಥೆಂಥವರೋ ನಂಬಿದ್ದಾರೆ. ಅವಳು ನಂಬಲಿಲ್ಲ.

ಒಬ್ಬ ಲಾರಿಯ ಕಡೆಗೇ ಬರುತ್ತಿದ್ದ. ನಾನು ಜಾಕ್ ರಾಡ್ ತೆಗೆದುಕೊಂಡು ಇಳಿದೆ. ವೆಂಕಟರವಣಪ್ಪನಿಗೂ ಒಂದು ಸ್ಪಾನರ್ ಕೊಟ್ಟು ಇನ್ನೊಂದು ಬದಿಯಿಂದ ಬರಲು ಸನ್ನೆ ಮಾಡಿದೆ. ಅವನು ಹೆಂಡತಿಯನ್ನು ಸೀಟಿಗೆ ಒರಗಿಸಿ, ಸೆರಗನ್ನು ಸರಿಮಾಡಿ ಇಳಿದ.

ಬಂದವನು ಮರದ ಬುಡ ದಾಟಿದ. ರಾಡ್ ಅವನ ಭುಜಕ್ಕೆ ಬಿತ್ತು. ಮೂಳೆ ಮುರಿದದ್ದು ನನ್ನ ಅಂಗೈಗೇ ಗೊತ್ತಾಯಿತು. ಅವನು ಕಿರುಚಿದ. ಉಳಿದ ಮೂವರೂ ನಮ್ಮ ಕಡೆ ತಿರುಗಿದರು.

ಓಡಿದೆವು.

ಕ್ಯಾಬಿನ್ನಿಗೆ ಹತ್ತಿದಾಗ ಒಳಗೆ ನಿಶ್ಶಬ್ದ. ಮಷೀನು ನಿಂತಿತ್ತು.

ಬ್ಯಾಟರಿ ಖಾಲಿ. ಮುಗಿಯಿತು. ಹಾಗಂದುಕೊಂಡೇ ಕೀ ತಿರುಗಿಸಿದೆ.

ಎಂಜಿನ್ ಒಂದೇ ಏಟಿಗೆ ಹಿಡಿಯಿತು.

ಯಾಕೆ ಎಂದು ಯೋಚಿಸುವಷ್ಟು ಪುರುಸೊತ್ತು ಇರಲಿಲ್ಲ. ಮೊದಲ ಮಚ್ಚು ಬಾಗಿಲಿಗೆ ಬಡಿಯಿತು. ಲಾರಿ ತೋಪಿನಿಂದ ಹೊರಗೆ ಹಾರಿತು. ದಾರಿಗೆ ಅಡ್ಡ ನಿಂತಿದ್ದ ಜೀಪನ್ನು ಬಂಪರಿನಿಂದ ತಳ್ಳಿಕೊಂಡು ಹೋಗಿ ಹಳ್ಳಕ್ಕೆ ಉರುಳಿಸಿದೆ. ರಿಯರ್ ವ್ಯೂ ಕನ್ನಡಿಯಲ್ಲಿ ನಾಲ್ಕು ಚಕ್ರಗಳೂ ಮೇಲಾಗಿ ಕಂಡವು. ಇನ್ನು ಬೆನ್ನು ಹತ್ತುವವರಿಲ್ಲ.

ಆಗ ವೆಂಕಟರವಣಪ್ಪ ಅವಳ ಹೆಸರು ಹಿಡಿದು ಕರೆದ. ಜೋರಾಗಿ ಅಲ್ಲ. ನಿದ್ದೆಯಲ್ಲಿರುವವರನ್ನು ಎಬ್ಬಿಸುವ ಹಾಗೆ.

ತಿರುಗಿ ನೋಡಿದೆ. ಮಾಸ್ಕು ಅವಳ ಮುಖದ ಮೇಲೇ ಇತ್ತು. ಮುಷ್ಟಿಯಲ್ಲಿ ಮಷೀನಿನ ಪ್ಲಗ್ಗು. ಅವಳೇ ಕಿತ್ತಿದ್ದಳು.

ಬ್ಯಾಟರಿ ಖಾಲಿಯಾಗಿರಲಿಲ್ಲ. ಅವಳು ನಮಗಾಗಿ ಉಳಿಸಿದ್ದಳು.

ವೆಂಕಟರವಣಪ್ಪ ಅವಳ ಬೆರಳುಗಳನ್ನು ಬಿಡಿಸಿ ಪ್ಲಗ್ಗನ್ನು ಮತ್ತೆ ಸಿಕ್ಕಿಸಿದ. ಮಷೀನು ಗುರ್ ಎಂದಿತು. ಅವಳಿಗೆ ಇನ್ನೂ ಜೀವವಿತ್ತು. ಯಾಕೇ ಹಿಂಗ್ ಮಾಡ್ದೆ, ಯಾಕೇ ಹಿಂಗ್ ಮಾಡ್ದೆ ಎಂದು ಅವನು ಬೈಯುತ್ತಲೇ ಅವಳ ಎದೆ ತಿಕ್ಕುತ್ತಿದ್ದ. ನಾನು ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದೆ. ಶಿಡ್ಲಘಟ್ಟದ ಆಸ್ಪತ್ರೆ, ಬೇರೇನೂ ನನ್ನ ತಲೆಯಲ್ಲಿರಲಿಲ್ಲ.

ಅವಳು ಮಾಸ್ಕು ಸರಿಸಿದಳು. ಒಂದೊಂದು ಮಾತಿಗೂ ಒಂದೊಂದು ಉಸಿರು ಹುಡುಕಿ ಆಡಿದಳು.

"ಮುನಿನಾರಾಯಣಪ್ಪ... ನಮ್ಮನೇಲಿ ಉಂಡೋನು. ಹೋಗಿ... ಹೇಳ್ಬಿಟ್ಟು ಬಾ."

ಅಷ್ಟೇ. ಆಮೇಲೆ ಅವಳು ಮಾತಾಡಲಿಲ್ಲ.

ಹಿಪ್ಪುನೇರಳೆ ತೋಟಗಳು ಎರಡೂ ಕಡೆ ಹಿಂದೆ ಸರಿಯುತ್ತಿದ್ದವು. ಊರು ಇನ್ನೇನು ಬಂತು ಎನ್ನುವಾಗ ಕನ್ನಡಿಯಲ್ಲಿ ನೋಡಿದೆ. ಮಷೀನು ಚೆನ್ನಾಗಿಯೇ ಓಡುತ್ತಿತ್ತು. ಫ್ಯೂಸ್ ಹೋಗಿರಲಿಲ್ಲ, ವೈರು ಬಿಸಿಯಾಗಿರಲಿಲ್ಲ. ಬಯ್ಯಪ್ಪನ ಕೆಲಸದಲ್ಲಿ ಒಂದು ಕುಂದಿಲ್ಲ. ಬಿಳೀ ಮಂಜು ಮಾಸ್ಕಿನ ಅಂಚಿನಿಂದ ಹೊರಗೆ ಚೆಲ್ಲುತ್ತಿತ್ತು. ಒಳಗೆ ಎಳೆದುಕೊಳ್ಳುವವರು ಇರಲಿಲ್ಲ.

ವೆಂಕಟರವಣಪ್ಪ ಇನ್ನೂ ಅವಳ ಎದೆ ತಿಕ್ಕುತ್ತಲೇ ಇದ್ದ.

ಆಸ್ಪತ್ರೆಯ ಡಾಕ್ಟರು ಕ್ಯಾಬಿನ್ನಿಗೇ ಹತ್ತಿ ಬಂದು, ನಾಡಿ ಹಿಡಿದು, ತಲೆಯಾಡಿಸಿದರು. ಕೋರ್ಟು ಗೀರ್ಟು ಇರಲಿ, ಕೆಂಚಾರ್ಲಹಳ್ಳಿಗೆ ವಾಪಸ್ ಹೋಗೋಣ ಎಂದೆ ನಾನು. ಪೆದ್ದಮ್ಮನಿಗೆ ನಾನೇ ಹೇಳುತ್ತೇನೆ, ಜಡ್ಜು ಇನ್ನೊಂದು ತಾರೀಕು ಕೊಡುತ್ತಾರೆ ಎಂದೆ. ವೆಂಕಟರವಣಪ್ಪ ಬಹಳ ಹೊತ್ತು ಅವಳ ಮುಖದಿಂದ ಮಾಸ್ಕು ತೆಗೆಯುತ್ತಾ ಕೂತ. ಕೂದಲಿಗೆ ಸಿಕ್ಕಿಕೊಂಡಿದ್ದ ಎಲಾಸ್ಟಿಕ್ಕನ್ನು ಅವಳಿಗೆ ನೋವಾಗಬಾರದು ಎಂಬ ಹಾಗೆ ಬಿಡಿಸಿದ.

"ಹೇಳ್ಬಿಟ್ಟು ಬಾ ಅಂದ್ಲಲ್ಲ ಅಣ್ಣ," ಎಂದ. "ನಡೀರಿ. ಅವಳನ್ನ ಇಲ್ಲಿ ಒಬ್ಬಳನ್ನೇ ಬಿಡಲ್ಲ."

ಚಿಕ್ಕಬಳ್ಳಾಪುರದ ಕೋರ್ಟಿನ ಮುಂದೆ ಬೇವಿನ ಮರದ ನೆರಳಿಗೆ ಲಾರಿ ನಿಲ್ಲಿಸಿದೆ. ಪೆದ್ದಮ್ಮ ಕಾಯುತ್ತಿದ್ದಳು. ಕ್ಯಾಬಿನ್ನಿನೊಳಗೆ ಇಣುಕಿದಳು. ಕಷ್ಟಪಟ್ಟು ಮೇಲೆ ಹತ್ತಿ ಲಕ್ಷ್ಮಿದೇವಮ್ಮನ ಕಾಲುಗಳನ್ನು ತನ್ನ ಮಡಿಲಿಗೆ ಎಳೆದುಕೊಂಡು ಕೂತಳು.

ವೆಂಕಟರವಣಪ್ಪ ಹೆಂಡತಿಯ ಬ್ಯಾಗು ತೆಗೆದ. ಔಷಧಿ ಶೀಶೆಗಳ ಕೆಳಗೆ ಒಂದು ಇಸ್ತ್ರಿ ಮಾಡಿದ ಬಿಳೀ ಶರ್ಟು ಇತ್ತು. ಕೋರ್ಟಿನಲ್ಲಿ ನಿಲ್ಲುವಾಗ ಅವನು ಹಾಕಿಕೊಳ್ಳಲಿ ಎಂದು ಇಟ್ಟುಕೊಂಡು ಬಂದಿದ್ದಳು. ಹಾಕಿಕೊಂಡ. ಗುಂಡಿಗಳು ಅವನ ಕೈಗೆ ಸಿಗಲಿಲ್ಲ. ನಾನು ಹಾಕಿದೆ. ಜೀವಮಾನದಲ್ಲಿ ಯಾರಿಗೂ ನಾನು ಗುಂಡಿ ಹಾಕಿದವನಲ್ಲ.

ಹನುಮಂತರಾಯಪ್ಪ ಒಳಗೆ ಖಾದಿ ತೊಟ್ಟು ಕೂತಿದ್ದ. ನಮ್ಮನ್ನು ನೋಡಿ ಬಾಗಿಲ ಕಡೆ ನೋಡಿದ. ಅವನ ಹುಡುಗರು ಇನ್ನೂ ಬರಬೇಕಿತ್ತು.

ವೆಂಕಟರವಣಪ್ಪ ಎಲ್ಲವನ್ನೂ ಹೇಳಿದ. ವೈರು, ಬೀಗ, ಜಾಲರಿ, ಬಡಿಯುತ್ತಿದ್ದ ಸದ್ದು. ಹನುಮಂತರಾಯಪ್ಪನ ವಕೀಲ ಎದ್ದು ಸುತ್ತಿ ಬಳಸಿ ಕೇಳತೊಡಗಿದ. ಇಷ್ಟು ದಿನ ಎಲ್ಲಿದ್ದೆ, ಯಾರು ಹೇಳಿಕೊಟ್ಟರು, ಮಾಲೀಕರ ಮೇಲೆ ಯಾವ ದ್ವೇಷ... ವೆಂಕಟರವಣಪ್ಪ ಎಲ್ಲಕ್ಕೂ ಉತ್ತರ ಕೊಟ್ಟ. ಕೊನೆಗೆ ಜಡ್ಜಿನ ಕಡೆ ತಿರುಗಿದ.

"ಸಾಮಿ, ನನ್ ಹೆಂಡ್ತಿ ಆಚೆ ಲಾರೀಲಿ ಸತ್ತು ಮಲಗವ್ಳೆ. ಅವಳನ್ನ ಮನೆಗೆ ಕರ್ಕೊಂಡು ಹೋಗ್ಬೇಕು. ಕೇಳೋದು ಇನ್ನೂ ಇದ್ರೆ ಬೇಗ ಕೇಳ್ಬಿಡಕ್ಕೆ ಹೇಳಿ."

ವಕೀಲ ಕೂತುಬಿಟ್ಟ.

ಹನುಮಂತರಾಯಪ್ಪನಿಗೆ ಶಿಕ್ಷೆಯಾಯಿತು. ಅದಕ್ಕೆ ಬಹಳ ಕಾಲ ಹಿಡಿಯಿತು. ಅಪೀಲು ಹಾಕಿದ, ಬೇಲ್ ಕೇಳಿದ, ಕೊನೆಗೂ ಒಳಗೆ ಹೋದ. ಆ ಸುದ್ದಿ ಹೇಳಲು ಕೆಂಚಾರ್ಲಹಳ್ಳಿಗೆ ಹೋದಾಗ ವೆಂಕಟರವಣಪ್ಪ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದ. ಹೌದಾ ಎಂದ. ಮತ್ತೆ ಸೊಪ್ಪಿನ ಕಡೆ ತಿರುಗಿದ.

ನನ್ನ ಮೇಲೆ ಮಾತ್ರ ಕೇಸು ಅವನು ಸಾಕ್ಷಿ ಹೇಳಿದ ದಿನವೇ ಬಿತ್ತು. ಸಂಜೆ ಪೆದ್ದಮ್ಮ ಇಳಿದುಕೊಂಡ ಮೇಲೆ ಲಕ್ಷ್ಮಿದೇವಮ್ಮನನ್ನು ಊರಿಗೆ ಕರೆದುಕೊಂಡು ಹೋಗುವಾಗ ದಾರಿಯಲ್ಲಿ ಒಬ್ಬ ಕಾನ್ಸ್‌ಟೇಬಲ್ ಕೈ ಅಡ್ಡ ಹಿಡಿದ. ಒಡೆದ ಗ್ಲಾಸು, ಜಜ್ಜಿದ ಬಂಪರು ನೋಡಿದ. ಗೂಡ್ಸ್ ಗಾಡಿಯಲ್ಲಿ ಪ್ಯಾಸೆಂಜರ್ ಹಾಕಿದ್ದೀಯ ಎಂದು ಚೀಟಿ ಹರಿಯಲು ಪೆನ್ನು ತೆಗೆದ. ಹಿಂದಿನ ಸೀಟಿಗೆ ಟಾರ್ಚು ಬಿಟ್ಟ. ಗಂಡನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದವಳನ್ನು ನೋಡಿ ಟಾರ್ಚು ಆರಿಸಿದ. ಆಮೇಲೆ, ಪ್ಯಾಸೆಂಜರ್ ಒಬ್ಬರು ಎಂದು ಬರೆಯಲೋ ಇಬ್ಬರು ಎಂದು ಬರೆಯಲೋ ಎಂದು ಮೆಲ್ಲಗೆ ಕೇಳಿದ.

"ಹತ್ತೋವಾಗ ಜೀವ ಇತ್ತು ಸಾರ್," ಎಂದೆ. "ಇಬ್ರು ಅಂತ ಬರ್ಕೊಳ್ಳಿ."